ಹಕ್ಕು ಮತ್ತು ಹಕ್ಕಲು

ಬೀದರ ಸೀಮೆಯ ಮನೆಗಳಲ್ಲಿ ಒಬ್ಬರಿಗೊಬ್ಬರು ವಂದನೆ ಹೇಳುವ ರೂಢಿಯಿಲ್ಲ. ಊಟಕ್ಕೆ ಬಡಿಸಿದ ತಾಯಿಗೆ ಮಗನು ‘ಬಹಳ ಉಪಕಾರವಾಯಿತು’ ಎಂದನೆನ್ನಿ. ಆಕೆ ಗಾಬರಿಗೊಂಡು ಅವನ ಹಣೆಯನ್ನು ಮುಟ್ಟಿ ನೋಡಿಯಾಳು. ಅಣ್ಣನು ತಮ್ಮನಿಗೆ ಧನ್ಯವಾದ ಹೇಳಿದರೆ ಇವರಿಬ್ಬರಲ್ಲಿ ಆಸ್ತಿಯ ಪಾಲಾಗಿರಬೇಕೆಂದು ನೆರೆಯವರು ಊಹಿಸುವರು. ಋಣ, ಹಂಗು, ಉಪಕಾರ, ಕೃತಜ್ಞತೆ ಎಂದು ಕನ್ನಡದಲ್ಲಿ ಮಾತುಗಳಿಗೇನೂ ಬರವಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯೆಂಬ ಗಾದೆಯೂ ಉಂಟು. ಆದರೆ ನೆನೆಯುವುದು ಬೇರೆ, ನಾಲಗೆಯಿಂದ ಆಡಿ ತೋರಿಸುವುದು ಬೇರೆ ಎಂಬುದು ಇಲ್ಲಿಯ ಹಿರಿಯರ ಎಣಿಕೆ. ಆಡಿಯೇ ತೋರಿಸಬೇಕಾದ ಕಚೇರಿ, ಬಜಾರುಗಳಿಗೆಂದು ನಿಜಾಮನ ಕಾಲದ ಉರ್ದು ಎರಡು ಪದಗಳನ್ನು ಬಿಟ್ಟುಹೋಗಿದೆ: ಶುಕ್ರಿಯಾ, ಮೆಹರ್ಬಾನಿ. 1948ರಲ್ಲಿ ನಿಜಾಮನ ಆಳಿಕೆ ಮುಗಿಯಿತು. 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಪದಗಳು ಮಾತ್ರ ಇದ್ದಲ್ಲಿಯೇ ಉಳಿದಿವೆ.

ಕ್ರೈಸ್ತರ ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಮಾತಿದೆ. ಅದು ‘ಸ್ತೋತ್ರ’. ಸಂಸ್ಕೃತದಲ್ಲಿ ಹೊಗಳಿಕೆಯ ಹಾಡೆಂದು ಅರ್ಥವಾಗುವ ಈ ಪದವನ್ನು ಸತ್ಯವೇದದ ಕನ್ನಡ ಭಾಷಾಂತರಕಾರರು ಉಪಕಾರ ಸ್ಮರಣೆಗೂ ಬಳಸಿದರು. ಅಂದಿನಿಂದ ಊಟದ ಮುಂಚೆ, ಪ್ರಯಾಣ ಮುಗಿದ ಮೇಲೆ, ಮಗುವಿನ ಜ್ವರ ಇಳಿದಾಗ, ಮಳೆ ಬಿದ್ದಾಗ ಸ್ತೋತ್ರ ಸಲ್ಲುತ್ತದೆ. ಮೇಲಿನವನಿಗೆ ಹೇಳುವ ಮಾತಾದುದರಿಂದ ಮನೆಯವರ ನಡುವೆ ಮುಜುಗರವಿಲ್ಲ. ಆದರೆ ಇದರಲ್ಲೊಂದು ತೊಡಕೂ ಉಂಟು. ರೊಟ್ಟಿಗಾಗಿ ದೇವರಿಗೆ ಸ್ತೋತ್ರ ಹೇಳಿ ಮುಗಿಸಿದ ಹುಡುಗನು ಒಲೆಯ ಮುಂದೆ ಬೆವರುತ್ತ ಕುಳಿತವಳ ಕಡೆಗೆ ತಿರುಗಿಯೂ ನೋಡದಿರಬಹುದು. ಲೆಕ್ಕವು ಮೇಲೆಯೇ ಚುಕ್ತಾ ಆಯಿತಲ್ಲ!

ಬಸವಕಲ್ಯಾಣದ ಇಂತಹದೊಂದು ಮನೆಯನ್ನು ತೆಗೆದುಕೊಳ್ಳೋಣ, ಹೆಸರುಗಳು ಬೇಡ. ತಂದೆ ಸರಕಾರಿ ಶಾಲೆಯ ಶಿಕ್ಷಕರು. ತಾಯಿ ನರ್ಸಾಗಿ ದುಡಿಯುವವರು. ಎಂಟನೆಯ ತರಗತಿಯಲ್ಲಿರುವ ಮಗ, ಅವನಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಮಗಳು, ಎಪ್ಪತ್ತೈದು ದಾಟಿದ ಅಜ್ಜಿ. ಆ ಕಡೆಯ ವಾಡಿಕೆಯಂತೆ ಮಕ್ಕಳು ಆಕೆಯನ್ನು ‘ಆಯಿ’ ಎನ್ನುತ್ತಾರೆ. ಆಯಿಯ ತವರು ಹುಮನಾಬಾದಿಗೆ ಹತ್ತಿರದ ಒಂದು ಹಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೆಥಡಿಸ್ಟ್ ಮಿಶನ್ ಈ ಭಾಗಕ್ಕೆ ಬಂದ ನಂತರ ಕ್ರೈಸ್ತರಾದ ಕುಟುಂಬಗಳಲ್ಲಿ ಅವರದೂ ಒಂದು. ಹಾಗೆ ಸಭೆ ಸೇರಿದವರಲ್ಲಿ ಬಹುಮಂದಿ ಊರ ಹೊರಗೆ ಇರಿಸಲ್ಪಟ್ಟಿದ್ದವರೇ ಎಂಬುದನ್ನು ವಾಚಕರು ಬಲ್ಲರು.

ಮಗನು ಕೆಟ್ಟವನಲ್ಲ. ಓದಿನಲ್ಲಿ ಮುಂದು. ಆದರೆ ಅವನ ಕೈಗೆ ಬಂದುದೆಲ್ಲವೂ ಬರಲೇಬೇಕಾಗಿದ್ದುದೆಂದು ಅವನ ಭಾವನೆ. ಬಾರದಿದ್ದುದು ಮನೆಯವರ ಅಪರಾಧ. ಕ್ರಿಸ್‌ಮಸ್ಸಿಗೆ ತಂದ ಅಂಗಿಯ ಬಣ್ಣ ಸರಿಯಿಲ್ಲ. ಬೂಟು ಬೇರೆ ಕಂಪನಿಯದಾಗಬೇಕಿತ್ತು. ತರಗತಿಯ ಎಲ್ಲರ ಬಳಿಯೂ ಇರುವ ಮೊಬೈಲ್ ಫೋನು ತನ್ನೊಬ್ಬನ ಬಳಿಯೇ ಏಕಿಲ್ಲ? ‘ಎಲ್ಲರೂ’ ಎಂದರೆ ಎಷ್ಟು ಮಂದಿ ಎಂದು ತಂಗಿ ಒಮ್ಮೆ ಕೇಳಿದಳು. ನಾಲ್ವರ ಹೆಸರು ಹೇಳಿ ಅವನು ಸುಮ್ಮನಾದನು.

ತಾಯಿ ಇದಕ್ಕೊಂದು ಉಪಾಯ ಹೂಡಿದರು. ಏನು ಕೊಟ್ಟರೂ ‘ಥ್ಯಾಂಕ್ಸ್’ ಹೇಳಿಯೇ ತೆಗೆದುಕೊಳ್ಳತಕ್ಕದ್ದು. ಒಂದು ವಾರದೊಳಗೆ ಹುಡುಗನು ಗಿಣಿಯಂತೆ ಕಲಿತನು. ಬಾಗಿಲಲ್ಲಿ ಚಪ್ಪಲಿ ಕಳಚುತ್ತ ‘ಥ್ಯಾಂಕ್ಸ್’, ತಟ್ಟೆಯನ್ನು ಮುಂದಕ್ಕೆ ತಳ್ಳುತ್ತ ‘ಥ್ಯಾಂಕ್ಸ್’; ಕೊನೆಗೆ ತಾಯಿ ಬೈದಾಗಲೂ ‘ಥ್ಯಾಂಕ್ಸ್’. ಇಂತಹ ಶಿಕ್ಷಣವನ್ನು ನಂಬಿರುವ ತಂದೆತಾಯಿಗಳು ಪಟ್ಟಣಗಳಲ್ಲಿ ಬಹಳ. ಮಗುವಿನ ಬಾಯಿಗೆ ಮಾತು ಬಂದರೆ ಎದೆಗೂ ಇಳಿದೀತೆಂದು ಅವರ ಆಸೆ. ಹಾಗೆ ಇಳಿಯುವುದಾಗಿದ್ದರೆ ಮಗ್ಗಿ ಕಲಿತವರೆಲ್ಲ ಸಾಲಮಾಡದೆ ಬಾಳುತ್ತಿದ್ದರು!

ಸಂಡೆ ಸ್ಕೂಲಿನಲ್ಲಿಯೂ ಪಾಠ ನಡೆದೇ ಇತ್ತು. ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿ ಒಬ್ಬನೇ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದ ಕಥೆ ಎಲ್ಲರಿಗೂ ತಿಳಿದುದೇ. ಹಿಂದಿರುಗಿದವನು ಸಮಾರ್ಯದವನು, ಹೊರಗಿನವನು ಎಂಬುದನ್ನು ಉಪದೇಶಕರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಕಥೆಯ ಜೀವವಿರುವುದು ಅಲ್ಲಿಯೇ. ತನಗೆ ಯಾವುದೂ ಸಲ್ಲಬೇಕಾದುದಲ್ಲ ಎಂದು ಬಲ್ಲವನಿಗೆ ಸಿಕ್ಕಿದ್ದು ಕಣ್ಣಿಗೆ ಕಾಣುತ್ತದೆ. ದ್ರಾಕ್ಷೇತೋಟದ ಕೂಲಿಗಳ ಸಾಮ್ಯವು ಇದಕ್ಕಿಂತ ಕಠಿಣ. ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆಗೆ ಒಂದು ಗಂಟೆಯಿದೆ ಎನ್ನುವಾಗ ಬಂದವರಿಗೂ ಒಡೆಯನು ಒಂದೇ ಕೂಲಿಯನ್ನು ಕೊಟ್ಟನು, ಮೊದಲಿನವರು ಗೊಣಗಿದರು. ಈ ಪಾಠದ ದಿನ ನಮ್ಮ ಹುಡುಗನು ಎದ್ದುನಿಂತು, ಗೊಣಗಿದವರು ಹೇಳಿದ್ದೇ ಸರಿ ಎಂದನು. ಹೆಚ್ಚು ದುಡಿದವನಿಗೆ ಹೆಚ್ಚು ಸಿಗಬೇಕು, ಅದು ಅವನ ಹಕ್ಕು. ಪಾಠ ಹೇಳುತ್ತಿದ್ದ ತರುಣಿಯು ಉತ್ತರ ತೋಚದೆ ಹಾಡು ಆರಂಭಿಸಿದಳಂತೆ. ಹುಡುಗನ ತರ್ಕವೇನೂ ದಡ್ಡತನದ್ದಲ್ಲ. ಎರಡು ಸಾವಿರ ವರ್ಷಗಳಿಂದ ಆ ಕಥೆ ಕೇಳಿದವರಲ್ಲಿ ಅರ್ಧಮಂದಿಯಾದರೂ ಮನಸ್ಸಿನೊಳಗೆ ಅದನ್ನೇ ಅಂದುಕೊಂಡಿರಬೇಕು.

ಆ ‘ಹಕ್ಕು’ ಎಂಬ ಪದವು ಅವನಿಗೆ ಸಮಾಜ ಪಾಠದ ಪುಸ್ತಕದಿಂದ ಬಂದದ್ದು. ಮನೆಯಲ್ಲಿಯೂ ಅದನ್ನು ಯಥೇಚ್ಛವಾಗಿ ಬಳಸತೊಡಗಿದನು. ಒಂದು ರಾತ್ರಿ ರೊಟ್ಟಿ ತಣ್ಣಗಾಗಿದೆಯೆಂದು ತಟ್ಟೆಯನ್ನು ಸರಿಸಿ, ಬಿಸಿ ರೊಟ್ಟಿ ಉಣ್ಣುವುದು ತನ್ನ ಹಕ್ಕೆಂದನು. ಅದುವರೆಗೆ ಮೊಮ್ಮಗನ ವಿಷಯದಲ್ಲಿ ಬಾಯಿ ಹಾಕದಿದ್ದ ಆಯಿ ತಿರುಗಿದಳು.

“ಹಕ್ ಬ್ಯಾರೆ, ಮೆಹರ್ಬಾನಿ ಬ್ಯಾರೆ, ಮಾಯಾ ಬ್ಯಾರೆ ತಮ್ಮಾ. ಮೂರೂ ಒಂದ ಬುಟ್ಟ್ಯಾಗ ಹಾಕಬ್ಯಾಡ. ಹಕ್ಕಿಂದು ಇದ್ದರ ಎದಿ ಸೆಟಿಸಿ ಕೇಳು. ಮೆಹರ್ಬಾನಿದು ಇದ್ದರ ಬ್ಯಾಡಂತ ಅನ್ನು. ನಿಮ್ಮವ್ವ ಡೂಟಿ ಮುಗಿಸಿ ಬಂದು ನಿಂತ ನಿಲುವಿನ ಮ್ಯಾಲ ರೊಟ್ಟಿ ಬಡದಾಳ. ಅದು ಯಾವುದ ಇದರಾಗ?”

ಹುಡುಗನು ಉತ್ತರ ಕೊಡಲಿಲ್ಲ. ತಣ್ಣನೆಯ ರೊಟ್ಟಿಯನ್ನೂ ಉಣ್ಣಲಿಲ್ಲ.

ಓದುಬರಹ ತಿಳಿಯದ ಆ ಮುದುಕಿಯ ಮಾತನ್ನು ತುಸು ಬಿಡಿಸಿ ನೋಡಬೇಕು. ‘ಹಕ್ಕು’ ನಮ್ಮ ಪದವಲ್ಲ. ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳ ದಾರಿಯಿಂದ ಬಂದು ಕನ್ನಡದ ಕೊನೆಗೊಂದು ಉಕಾರವನ್ನು ಅಂಟಿಸಿಕೊಂಡದ್ದು. ಮೂಲದಲ್ಲಿ ಅದಕ್ಕೆ ‘ಸತ್ಯ’ವೆಂಬ ಅರ್ಥವೂ ಉಂಟು. ಕಲ್ಯಾಣಿಯು ನವಾಬನ ಜಹಗೀರಾಗಿದ್ದ ದಿನಗಳಲ್ಲಿ ಹಕ್ಕು ಯಾರದು, ಮೆಹರ್ಬಾನಿ ಯಾರದು ಎಂಬುದರ ಮೇಲೆಯೇ ಬಡವರ ಬದುಕು ನಿಂತಿತ್ತು. ಹಳ್ಳಿಗಳಲ್ಲಿ ವರ್ಷವಿಡೀ ಚಾಕರಿ ಮಾಡಿದವರಿಗೆ ರಾಶಿಯ ಕಣದಲ್ಲಿ ಕಾಳು ಸಲ್ಲುತ್ತಿತ್ತು. ಅದಕ್ಕೆ ‘ಆಯ’ವೆಂದು ಹೆಸರು. ದುಡಿಮೆಗೆ ಪ್ರತಿಯಾಗಿ ಬರತಕ್ಕ ಪಾಲು ಅದು, ಭಿಕ್ಷೆಯಲ್ಲ. ಆದರೆ ಅಳೆದು ಕೊಡುವ ಕೈ ಮೇಲಿರುತ್ತಿತ್ತು, ಸೆರಗೊಡ್ಡುವ ಕೈ ಕೆಳಗಿರುತ್ತಿತ್ತು. ಸಲ್ಲಬೇಕಾದುದನ್ನೇ ದಯಪಾಲಿಸಿದಂತೆ ಕೊಟ್ಟು, ಪಡೆದವನಿಂದ ಜನ್ಮವಿಡೀ ನೆನಹನ್ನು ವಸೂಲುಮಾಡುವ ಪದ್ಧತಿ. ಆಯಿಯ ತಂದೆಯು ಹಾಗೆ ಕೈಮುಗಿದು ಕಾಳು ಪಡೆದವನು. 1949ರಲ್ಲಿ ಜಹಗೀರುಗಳು ರದ್ದಾದ ಮೇಲೆಯೂ ಕಣದಲ್ಲಿ ಕೈಗಳ ಎತ್ತರ ತಗ್ಗು ಬಹುಕಾಲ ಹಾಗೆಯೇ ಇತ್ತು.

ಆದುದರಿಂದ, ಮಕ್ಕಳಿಗೆ ಕೃತಜ್ಞತೆಯನ್ನು ಕಲಿಸಿರೆಂದು ವೇದಿಕೆಯಿಂದ ಹೇಳುವವರು ಯಾರಿಗೆ ಹೇಳುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಉಳ್ಳವರ ಮಕ್ಕಳಿಗೆ ಅದು ಔಷಧಿ. ತಲೆತಲಾಂತರದಿಂದ ಕೃತಜ್ಞರಾಗಿಯೇ ಇರಬೇಕೆಂದು ಬಗ್ಗಿಸಲ್ಪಟ್ಟವರ ಮಕ್ಕಳಿಗೆ ಅದೇ ಮಾತು ಹಳೆಯ ಹಗ್ಗವಾಗಿಬಿಡಬಹುದು. ಈ ಮನೆಯಲ್ಲಿ ‘ಹಕ್ಕು’ ಹುಡುಗಾಟದ ಪದವೂ ಅಲ್ಲ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ತಂದೆಯು ಆ ಆಸರೆಯಿಲ್ಲದೆ ಓದಿ ನೌಕರಿ ಹಿಡಿದವರು. ಮಗನು ಹಕ್ಕೆಂದು ಗಟ್ಟಿಯಾಗಿ ಮಾತಾಡುವಾಗ ಅವರಿಗೆ ಒಳಗೊಳಗೇ ಸಂತೋಷವಾಗುತ್ತಿದ್ದುದೂ ಸುಳ್ಳಲ್ಲ.

ಫೆಬ್ರವರಿ ತಿಂಗಳಲ್ಲಿ, ಹಿಂಗಾರಿನ ಬಿಳಿಜೋಳದ ಕೊಯ್ಲಿನ ಹೊತ್ತಿಗೆ, ಆಯಿಯು ಮೊಮ್ಮಗನನ್ನು ತವರಿಗೆ ಕರೆದೊಯ್ದಳು. ಸಸ್ತಾಪುರ ಬಂಗ್ಲಾದ ಬಳಿ ಹೈದರಾಬಾದಿನ ಹೆದ್ದಾರಿಯನ್ನು ಹಿಡಿದರೆ ಹುಮನಾಬಾದು ದೂರವಲ್ಲ. ಅಲ್ಲಿಂದ ಹಳ್ಳಿಗೆ ಆಟೋ. ಊರು ನೋಡಲು ಹೋಗುತ್ತಿದ್ದೇವೆಂದಷ್ಟೇ ಹುಡುಗನಿಗೆ ಗೊತ್ತು. ಮರುದಿನ ಬೆಳಕು ಹರಿಯುವ ಮೊದಲೇ ಆಕೆ ಅವನ ಹೆಗಲಿಗೊಂದು ಗೋಣಿಚೀಲ ಹಾಕಿ, ಹಕ್ಕಲು ಆರಿಸಲು ನಡೆ ಎಂದಳು.

‘ಹಕ್ಕಲು’ ಎಂಬುದು ಅಚ್ಚಗನ್ನಡದ ಮಾತು. ‘ಹಕ್ಕು’ವಿಗೂ ಇದಕ್ಕೂ ಯಾವ ನೆಂಟತನವೂ ಇಲ್ಲ, ಕಿವಿಗೆ ಮಾತ್ರ ಅಕ್ಕತಂಗಿಯರಂತೆ ಕೇಳಿಸುತ್ತವೆ. ಬೆಳೆ ಕೊಯ್ದು ಸಾಗಿಸಿದ ಮೇಲೆ ಹೊಲದಲ್ಲಿ ಉಳಿದ ತೆನೆ, ಕಾಯಿ, ಕಾಳುಗಳು ಹಕ್ಕಲು. ಅದನ್ನು ಆರಿಸಿಕೊಳ್ಳುವುದು ಬಡವರ ಪಾಲು. ಈ ಪಾಲು ಹಕ್ಕೋ ಮೆಹರ್ಬಾನಿಯೋ ಎಂಬ ಪ್ರಶ್ನೆ ಹಳೆಯದು; ಅದು ನಮ್ಮ ದೇಶವೊಂದರದೇ ಅಲ್ಲ. ಮೋಶೆಯ ಧರ್ಮಶಾಸ್ತ್ರವು ಹೊಲದ ಮೂಲೆಗಳನ್ನು ಕೊಯ್ಯದೆ ಬಿಡಬೇಕು, ಬಿದ್ದ ತೆನೆಗಳನ್ನು ಮರಳಿ ಆಯಬಾರದು, ಅವು ಬಡವರಿಗೂ ಪರದೇಶಿಗಳಿಗೂ ಸೇರಿದವು ಎಂದು ವಿಧಿಸಿತು. ದಾನಮಾಡೆಂದು ಹೇಳದೆ ಬಿಟ್ಟುಬಿಡೆಂದು ಹೇಳಿದುದನ್ನು ಗಮನಿಸಬೇಕು. ವಿಧವೆಯೂ ಪರದೇಶದವಳೂ ಆದ ರೂತಳು ಬೋವಜನ ಜವೆಯ ಹೊಲದಲ್ಲಿ ಹಕ್ಕಲಾಯ್ದದ್ದು ಈ ಶಾಸ್ತ್ರದ ಬಲದಿಂದಲೇ. ಇಂಗ್ಲೆಂಡಿನ ಹಳ್ಳಿಗರೂ ಬಹುಕಾಲ ಹಾಗೆಯೇ ನಂಬಿದ್ದರು. 1788ರಲ್ಲಿ ಸಫೋಕ್ ಪ್ರಾಂತದ ಟಿಮ್‌ವರ್ತ್ ಎಂಬ ಹಳ್ಳಿಯ ಮೇರಿ ಹೌಟನ್ ಎಂಬಾಕೆಯ ಮೇಲೆ ಹೊಲದ ಒಡೆಯನು ದಾವೆ ಹೂಡಿದಾಗ, ಹಕ್ಕಲಾಯುವುದು ಯಾರ ಹಕ್ಕೂ ಅಲ್ಲವೆಂದು ನ್ಯಾಯಾಧೀಶರು ಬಹುಮತದಿಂದ ತೀರ್ಪಿತ್ತರು. ಮೋಶೆಯ ಶಾಸ್ತ್ರ ಇಂಗ್ಲೆಂಡಿನ ಕಾಯಿದೆಯಲ್ಲವೆಂದೂ ಸ್ಪಷ್ಟಪಡಿಸಿದರು. ಪ್ರತಿ ಭಾನುವಾರ ಅದೇ ಶಾಸ್ತ್ರವನ್ನು ಕೇಳಿಬರುತ್ತಿದ್ದ ದೇಶ ಅದು!

ಹಕ್ಕಲಿನ ಕಥೆಗೆ ಬಸವಕಲ್ಯಾಣದವರು ಬೇತ್ಲೆಹೇಮಿನವರೆಗೆ ಹೋಗಬೇಕಾಗಿಯೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲೆಸಿದ ಮಾರಯ್ಯನ ಕಾಯಕವು ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆಯ್ದಕ್ಕಿಯೆಂಬುದು ಅವನ ಹೆಸರಿಗೇ ಸೇರಿಹೋಯಿತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಮಡದಿ ಲಕ್ಕಮ್ಮನು ಹಿಗ್ಗಲಿಲ್ಲ. ಈ ಆಸೆ ನಮಗೇಕೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದಳು. ಅರಣ್ಯದಲ್ಲಿ ಇಸ್ರಾಯೇಲ್ಯರು ಮನ್ನವನ್ನು ಅಂದಂದಿನ ಅಗತ್ಯಕ್ಕೆ ತಕ್ಕಷ್ಟೇ ಕೂಡಿಸಬೇಕಿತ್ತು, ನಾಳೆಗೆಂದು ಇಟ್ಟದ್ದು ಹುಳುಬಿದ್ದಿತು ಎಂಬ ಕಥೆಯನ್ನು ಸಭೆಯಲ್ಲಿ ಕೇಳಿ ಬೆಳೆದ ಆಯಿಗೆ ಲಕ್ಕಮ್ಮನ ಕಥೆಯೂ ಬಾಯಿಪಾಠ. ತ್ರಿಪುರಾಂತ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಂದ ಕೇಳಿದ್ದಂತೆ. ಎರಡರಲ್ಲಿ ಯಾವುದು ಯಾವ ಧರ್ಮದ್ದೆಂದು ಆಕೆ ವಿಂಗಡಿಸಿಟ್ಟುಕೊಂಡಿಲ್ಲ.

ಹೊಲದಲ್ಲಿ ದಂಟು ಕೊಯ್ದು, ತೆನೆ ಮುರಿದು, ಕಣಿಕೆಯ ಸೂಡು ಕಟ್ಟಿ ಆಗಿತ್ತು. ಕರಿನೆಲದ ಬಿರುಕುಗಳಲ್ಲಿ, ಕೂಳೆಗಳ ನಡುವೆ ತೆನೆಗಳು ಅಲ್ಲೊಂದು ಇಲ್ಲೊಂದು. ಜೋಳದ ಕೂಳೆ ಚಪ್ಪಲಿಯ ಅಂಚನ್ನು ದಾಟಿ ಪಾದಕ್ಕೆ ಚುಚ್ಚುತ್ತದೆ, ಗರಿ ಮೊಣಕೈಯನ್ನು ಕೊಯ್ಯುತ್ತದೆ. ಹುಡುಗನು ಅರ್ಧ ಗಂಟೆಯಲ್ಲಿ ಆರು ತೆನೆ ಹುಡುಕಿದನು. ಆ ಹೊತ್ತಿಗೆ ಆಯಿಯ ಮಡಿಲು ತುಂಬಿತ್ತು. ಅವನು ನಿಂತು ನೋಡುತ್ತಿದ್ದನು, ಆಕೆ ಬಗ್ಗಿ ನಡೆಯುತ್ತಿದ್ದಳು. ವ್ಯತ್ಯಾಸವಿಷ್ಟೇ. ಬಿಸಿಲೇರುವ ಹೊತ್ತಿಗೆ ಅವನೂ ಬಗ್ಗಿದನು.

ಹೊಲದ ಯಜಮಾನರು ಬದುವಿನ ಮೇಲೆ ಬಂದರು. ಸಜ್ಜನರೇ. “ಆರಿಸ್ಕೊಳ್ರಿ, ಆರಿಸ್ಕೊಳ್ರಿ. ನಮ್ಮ ಹೊಲದಾಗಿನ ಜ್ವಾಳ ತಿಂದದ್ದು ನೆಪ್ಪಿಟ್ಕೋ ಹುಡುಗಾ” ಎಂದು ನಕ್ಕರು. ಹುಡುಗನು ಕಲಿತ ಪಾಠದಂತೆ ‘ಥ್ಯಾಂಕ್ಸ್’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆಯಿಯು ನೆಟ್ಟಗೆ ನಿಂತು, “ಹೊಲ ನಿಮ್ಮದರೀ ಸಾವ್ಕಾರ್ರ. ಹಕ್ಕಲು ದೇವರದು” ಎಂದಳು. ಕೈಮುಗಿಯಲಿಲ್ಲ, ದನಿಯನ್ನು ಏರಿಸಲೂ ಇಲ್ಲ. ಯಜಮಾನರಿಗೂ ಅದರಿಂದ ಸಿಟ್ಟು ಬಂದಂತೆ ಕಾಣಲಿಲ್ಲ. ಕುಡಿಯಲು ಮಜ್ಜಿಗೆ ಕಳುಹಿಸಿದರು. ಅದು ಬಂದಾಗ ಆಯಿಯೇ ಮೊಮ್ಮಗನ ಬೆನ್ನಿಗೆ ತಿವಿದು, ಹೋಗಿ ಅವರಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಬಾ ಎಂದಳು. ತೆನೆಗೆ ಬೇಡ, ಮಜ್ಜಿಗೆಗೆ ಬೇಕು! ಹುಡುಗನು ಗೊಂದಲಗೊಂಡೇ ಹೋಗಿಬಂದನು. ಬೇವಿನ ನೆರಳಿನಲ್ಲಿ ಕುಳಿತು ಆಕೆಯು 1972ರ ಬರಗಾಲದ ಮಾತೆತ್ತಿದಳು. ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದದ್ದು, ಹಡಗಿನಲ್ಲಿ ಹೊರದೇಶದಿಂದ ಬಂದ ‘ಮೈಲೋ’ ಎಂಬ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಒಡೆದುಹೋಗುತ್ತಿದ್ದುದು, ಆ ವರ್ಷ ಹೊಲಗಳಲ್ಲಿ ಹಕ್ಕಲೇ ಇಲ್ಲದ್ದು. ಎಷ್ಟೋ ಸಲ ಕೇಳಿದ್ದ ಕಥೆ. ಹುಡುಗನು ಈ ಸಲ ನಡುವೆ ಎದ್ದುಹೋಗಲಿಲ್ಲ. ಎದ್ದುಹೋಗಲು ಸೊಂಟದಲ್ಲಿ ಶಕ್ತಿಯಿರಲಿಲ್ಲವೆಂದೂ ಹೇಳಬಹುದು.

ಸಂಜೆ ಬಡಿದು ತೂರಿದಾಗ ದೊರೆತದ್ದು ಮೂರು ಕಿಲೋದಷ್ಟು ಕಾಳು. ಅದರಲ್ಲಿ ಮುಕ್ಕಾಲುಪಾಲು ಮುದುಕಿಯದು.

ಬಸವಕಲ್ಯಾಣಕ್ಕೆ ಹಿಂದಿರುಗಿದ ರಾತ್ರಿ ಮನೆಯಲ್ಲಿ ಜಗಳವಾಯಿತು. ಮಗನ ಕೈಗಳ ಗೀರುಗಳನ್ನು ನೋಡಿ, ಚೀಲವನ್ನು ನೋಡಿ, ತಂದೆಯವರು ತಮ್ಮ ತಾಯಿಯ ಮೇಲೆ ಎಂದೂ ಇಲ್ಲದಂತೆ ರೇಗಿದರು. “ಅವ್ವಾ, ಹಕ್ಕಲು ಆರಿಸೋದು ತಪ್ಪಲಿ ಅಂತ ನೀ ನನಗ ಸಾಲಿಗಿ ಕಳಿಸಿದಿ. ನಾ ಕಲ್ತೆ. ಈಗ ನನ್ನ ಮಗನ್ನ ಒಯ್ದು ಅದೇ ಹೊಲದಾಗ ನಿಲ್ಲಸ್ತೀಯೇನು? ಊರಾಗಿನ ಮಂದಿ ಏನಂದಾರು?” ಬಾಲ್ಯದಲ್ಲಿ ತಾಯಿಯ ಹಿಂದೆ ಹೋಗಿ ತೆನೆ ಆರಿಸುವಾಗ ಬದುವಿನ ಮೇಲೆ ನಿಂತು ನಗುತ್ತಿದ್ದ ಸಹಪಾಠಿಗಳ ಮುಖಗಳನ್ನು ಅವರು ಮರೆತಿರಲಿಲ್ಲ. ಅಂತಹ ನೆನಪಿರುವ ತಂದೆಯು ಮಗನಿಗೆ ಬೇಕಾದುದನ್ನು ಬೇಕಾಗುವ ಮೊದಲೇ ತಂದುಕೊಡುವುದರಲ್ಲಿ ಆಶ್ಚರ್ಯವಿಲ್ಲ. ತಾನು ಪಟ್ಟ ಕಷ್ಟವು ಮಗನಿಗೆ ಗೊತ್ತೇ ಆಗಬಾರದೆಂದು ಹರಕೆ ಹೊತ್ತವರಂತೆ ದುಡಿಯುವ ತಂದೆತಾಯಿಗಳೇ, ಮಗನಿಗೆ ನಮ್ಮ ಕಷ್ಟ ಗೊತ್ತಾಗುವುದಿಲ್ಲವಲ್ಲ ಎಂದು ಕೊರಗುವವರೂ ಹೌದು.

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, “ನಿನಗ ನಾಚಿಕಿ ಆಗಿತ್ತು, ನನಗ ಗೊತ್ತದ. ನನಗೂ ಆಗ್ತಿತ್ತು. ಅಂವಗ ಆಗಿಲ್ಲ, ಕೇಳಿ ನೋಡು” ಎಂದಳು. ತಂದೆ ಕೇಳಲಿಲ್ಲ. ಹುಡುಗನು ತಾನಾಗಿಯೇ, ಬೆನ್ನು ಮಾತ್ರ ನೋಯುತ್ತಿದೆ ಎಂದನು. ಜಗಳ ಅಷ್ಟಕ್ಕೆ ನಿಂತಿತು, ತೀರ್ಮಾನವಾಯಿತೆಂದಲ್ಲ. ಮಗನು ದೊಡ್ಡವನಾಗುವುದರಿಂದ ಹಳೆಯ ಗಾಯಗಳು ಮಾಯುವುದಿಲ್ಲ, ತಾಯಿಯು ಮುದುಕಿಯಾಗುವುದರಿಂದ ಆಕೆಯ ಹಠ ಸಡಿಲುವುದೂ ಇಲ್ಲ.

ಸುಗ್ಗಿ ಮುಗಿದ ಮೇಲಿನ ಒಂದು ಭಾನುವಾರ ಸಭೆಯಲ್ಲಿ ಸ್ತೋತ್ರದ ಹಬ್ಬ. ಪ್ರಥಮ ಫಲವೆಂದು ಜೋಳ, ತೊಗರಿ, ಕಡಲೆ, ಕುಂಬಳಕಾಯಿ, ಕೋಳಿ, ಮೊಟ್ಟೆ, ಹೊಲವಿಲ್ಲದವರು ನೋಟಿನ ಲಕೋಟೆ ತಂದು ಇಡುತ್ತಾರೆ. ಆರಾಧನೆಯ ಬಳಿಕ ಹೊರಗೆ ಅವುಗಳ ಹರಾಜು. ಈ ಹರಾಜಿನಲ್ಲಿ ಭಕ್ತಿಯ ಜೊತೆಗೆ ಪ್ರತಿಷ್ಠೆಯೂ ಕೂಗುತ್ತದೆ, ಒಂದು ಕೋಳಿಯ ಬೆಲೆ ಕೆಲವೊಮ್ಮೆ ಕುರಿಯ ಬೆಲೆಯನ್ನು ಮೀರುತ್ತದೆ. ಹುಡುಗನು ತನ್ನ ಪಾಲಿನ ಕಾಳನ್ನು ತಂಗಿಯ ಟಿಫಿನ್ ಡಬ್ಬಿಯಲ್ಲಿ ತುಂಬಿ ತಂದಿದ್ದನು. ಇನ್ನೊಂದು ಡಬ್ಬಿ ತುಂಬ ಮನೆಯ ಜೋಳವನ್ನೂ ಹಾಕಿಕೊಂಡು ಹೋಗೆಂದು ತಾಯಿ ಹೇಳಿದಾಗ, ಅದು ತಾನು ಆರಿಸಿದ್ದಲ್ಲವೆಂದು ಬಿಟ್ಟು ಬಂದಿದ್ದನು. ಸಾಲಿನಲ್ಲಿ ಮುಂದೆ ಐವತ್ತು ಕಿಲೋದ ಚೀಲವನ್ನು ಹೊತ್ತು ತಂದವರೊಬ್ಬರು ಡಬ್ಬಿಯನ್ನು ಕಂಡು ಹುಬ್ಬೇರಿಸಿದರು. ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ.

ಉಳಿದ ಜೋಳವನ್ನು ಆಯಿಯು ಗಿರಣಿಗೆ ಹಾಕಿಸಿದಳು. ಆ ವಾರ ಮನೆಯಲ್ಲಿ ರೊಟ್ಟಿ ಬಡಿದವರು ಆಕೆಯೂ ಮೊಮ್ಮಗನೂ. ಅವನ ರೊಟ್ಟಿಗಳು ದುಂಡಗಾಗಲೊಲ್ಲವು. ಒಂದು ಭಾರತದ ನಕ್ಷೆಯಂತಿದೆಯೆಂದು ತಂಗಿ ನಕ್ಕಳು, ಕಾಶ್ಮೀರವನ್ನು ಮುರಿದು ತಿಂದಳು. ಡ್ಯೂಟಿ ಮುಗಿಸಿ ತಡವಾಗಿ ಬಂದ ತಾಯಿಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡನ್ನು ತಂದಿಟ್ಟು, ತಣ್ಣಗಾಗಿವೆಯೆಂದು ಹುಡುಗನೇ ಹೇಳಿದನು. ಮೊಬೈಲ್ ಫೋನಿನ ಬೇಡಿಕೆ ಆ ಮನೆಯಲ್ಲಿ ಇನ್ನೂ ಇದೆ.

ಹುಮನಾಬಾದಿನ ಆ ಯಜಮಾನರು ಬರುವ ವರ್ಷದಿಂದ ಜೋಳ ಬಿಟ್ಟು, ಮುಂಗಾರಿಗೆ ಸೋಯಾ ಹಿಂಗಾರಿಗೆ ಕಡಲೆ ಬಿತ್ತಿ ಎರಡನ್ನೂ ಯಂತ್ರದಿಂದ ಕೊಯ್ಸುವವರಿದ್ದಾರೆ. ಯಂತ್ರ ಕೊಯ್ದ ಹೊಲದಲ್ಲಿ ಮುದುಕಿಯೊಬ್ಬಳ ಮಡಿಲು ತುಂಬುವಷ್ಟು ಉಳಿಯುವುದಿಲ್ಲವೆಂದು ಕೇಳಿ, ಆಯಿಯು ಇನ್ನೂ ಕೈಯಿಂದ ಕೊಯ್ಯಿಸುವವರು ಸುತ್ತಮುತ್ತ ಯಾರಿದ್ದಾರೆಂದು ತವರಿನವರನ್ನು ವಿಚಾರಿಸುತ್ತಿದ್ದಾಳೆ. ಬರುವ ಫೆಬ್ರವರಿಗೆ ಮೊಮ್ಮಗಳ ಸರದಿಯಂತೆ. ತಂದೆಯವರು ಒಪ್ಪಿಲ್ಲ.